ಭಾವನ ಕೈಗೆ ಬಂದ ಕಾರು

ಗೃಹಪ್ರವೇಶದ ಹಿಂದಿನ ದಿನ, ಸಂಜೆ ಐದು ಗಂಟೆಗೆ ಇದು ನಡೆಯಿತು. ನೆಂಟರನ್ನು ಸ್ಟೇಷನ್ನಿನಿಂದ ಕರೆತರಲೆಂದು ವಸುಂಧರಾ ತನ್ನ ಕಾರಿನ ಕೀಲಿಯನ್ನು ಭಾವ ಫಣೀಂದ್ರನಿಗೆ ಕೊಟ್ಟಳು. ಅದುವರೆಗೆ ಕಾರು ಬೇರೆಯವರ ಕೈಯಲ್ಲಿ ಓಡಿರಲಿಲ್ಲ.

“ವಿಮೆ ಪತ್ರವೇ, ನಿನ್ನ ಮೇಲಿರುವುದು ವಸುಂಧರಮ್ಮನ ಹೆಸರು. ಭಾವ ನನ್ನನ್ನು ಎಲ್ಲಾದರೂ ಗುದ್ದಿಸಿದರೆ ರಿಪೇರಿಗೆ ನೀನು ಬರುತ್ತೀಯಾ?” ಎಂದು ಕಾರು ಕೇಳಿತು.

“ಬರುತ್ತೇನೆ. ನಾನಿರುವುದು ನಿನಗಾಗಿ. ಆದರೆ ಓಡಿಸುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು,” ಎಂದಿತು ಡ್ಯಾಶ್‌ಬೋರ್ಡಿನೊಳಗಿನ ಪತ್ರ.

ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ನಕ್ಕಿತು. “ನಾನಂತೂ ಏನೂ ಕೇಳುವುದಿಲ್ಲಪ್ಪ. ಯಾರು ಓಡಿಸಿದರೂ ಕಾಯುತ್ತೇನೆ.”

“ಹೋದ ವಾರ ಗೇಟಿಗೆ ತಗುಲಿದಾಗ ಈ ಬಂಪರ್ ಸರಿ ಮಾಡಿಸಿದ್ದು ಯಾರು?” ಎಂದಿತು ಪತ್ರ.

ಕಾರು ಫಣೀಂದ್ರನ ಜೇಬಿನತ್ತ ನೋಡಿತು. “ಲೈಸೆನ್ಸ್ ಅವರೇ, ನಿಮ್ಮ ಅವಧಿ ಎಲ್ಲಿಯವರೆಗೆ?”

“ನಾನು ಈ ಮನೆಯ ಅಳಿಯನ ಲೈಸೆನ್ಸ್! ನನ್ನನ್ನೇ ಕೇಳುತ್ತೀಯಾ?”

“ನನ್ನಲ್ಲಿ ಅಳಿಯ ಎಂಬ ಕಾಲಂ ಇಲ್ಲ,” ಎಂದಿತು ಪತ್ರ.

ಲೈಸೆನ್ಸ್ ಪರ್ಸಿನಲ್ಲಿ ಇನ್ನಷ್ಟು ಒಳಗೆ ಸರಿಯಿತು. ಫಣೀಂದ್ರ ಕೀಲಿ ತಿರುಗಿಸಿದ. ಕಾರು ಸ್ಟಾರ್ಟ್ ಆಗಲಿಲ್ಲ.

ಲೈಸೆನ್ಸ್ ಅವಧಿ ಮುಗಿದು ಹನ್ನೊಂದು ದಿನವಾಗಿತ್ತು.