ಶೆಟ್ಟರ ಪರವಾಗಿ ನಡೆದ ಭಟ್ಟರು

ವಾಮನನೆಂಬ ಶಿಷ್ಯ ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ದಿನವೂ ಸ್ವಲ್ಪ ನಡೆಯಿರಿ, ಮೈ ಬಗ್ಗಿಸಿ, ಇದಕ್ಕೆ ಕಾಸು ಖರ್ಚಿಲ್ಲ, ಮಾಡುವ ಕೆಲಸದಲ್ಲೇ ಸೇರಿಸಿಕೊಳ್ಳಿ ಎಂದು ಮೂರು ತಿಂಗಳಿಂದ ಮಠದ ಜಗಲಿಯಲ್ಲಿ ಕೂತು ಊರವರಿಗೆ ಪಾಠ ಹೇಳುತ್ತಿದ್ದೇನೆ. ಎಲ್ಲರೂ ತಲೆದೂಗುತ್ತಾರೆ. ಮಾಡುವವರು ಒಬ್ಬರೂ ಇಲ್ಲ. ನನಗಂತೂ ಸಾಕಾಗಿಹೋಗಿದೆ. ಇಂಥವರಿಗೆ ಕಲಿಸುವುದು ಹೇಗೆ?"

"ನಿನಗೆ ಮೂರೇ ತಿಂಗಳಿಗೆ ಸಾಕಾಯಿತೇ? ನಾನು ನಿನಗೆ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಗಿರಾಕಿ ಬಟ್ಟೆ ಕೇಳಿದರೆ ಆಳು ತರುತ್ತಿದ್ದ, ಆಳು ಬಿಚ್ಚಿ ತೋರಿಸುತ್ತಿದ್ದ, ಆಳೇ ಮಡಿಸಿಡುತ್ತಿದ್ದ. ಯಜಮಾನ ಎದ್ದರೆ ಗಾದಿಗೆ ಅವಮಾನ ಎಂದು ಆ ಪೇಟೆಯವರ ನಂಬಿಕೆ. ಹೀಗೆ ಕೂತು ಕೂತು ಅವನ ಮಂಡಿ ಹಿಡಿದುಕೊಂಡಿತು. ಅಂಗಡಿಯ ಮೆಟ್ಟಿಲಿಳಿದು ಗಾಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಅವನಿಗೊಬ್ಬ ಮೊಮ್ಮಗ ಹುಟ್ಟಿದ. ಅವರ ಮನೆತನದಲ್ಲಿ ಮಗುವಿನ ಮೊದಲ ಕೂದಲು ತೆಗೆಸುವುದು ಬೆಟ್ಟದ ಮೇಲಿನ ಮನೆದೇವರ ಮುಂದೆ. ಮಗುವನ್ನು ಎತ್ತಿಕೊಂಡು ಮುನ್ನೂರು ಮೆಟ್ಟಿಲು ಹತ್ತಬೇಕಾದವನು ತಾತ. ಮೊದಲ ವರ್ಷ ಆಗದಿದ್ದರೆ ಮೂರನೆಯ ವರ್ಷ. ಆಗಲೂ ಆಗದಿದ್ದರೆ ಮಗು ಸೋದರಮಾವನ ಹೆಗಲೇರುತ್ತದೆ, ತಾತ ಕೆಳಗೇ ಉಳಿಯುತ್ತಾನೆ. ವ್ಯಾಪಾರಿ ಆ ಮೊಮ್ಮಗನ ಮೇಲೆ ಪ್ರಾಣವನ್ನೇ ಇಟ್ಟಿದ್ದ. ಹೆದರಿ ವೈದ್ಯನ ಬಳಿಗೆ ಹೋದ.

ವೈದ್ಯ ಕೂತಲ್ಲಿಂದಲೇ ಅವನ ಮಂಡಿ ನೋಡಿ, "ಔಷಧಿ ಬೇಡ. ದಿನವೂ ದೇವಸ್ಥಾನಕ್ಕೆ ಹನ್ನೆರಡು ಪ್ರದಕ್ಷಿಣೆ ಹಾಕಿ, ಸಾಕು" ಎಂದ.

ವ್ಯಾಪಾರಿ ಭಕ್ತಿಯಿಂದ ಕೇಳಿದ. ಅವನ ಮನೆಯಲ್ಲಿ ಪೂಜೆ ಮಾಡುವವರು ಭಟ್ಟರು, ಜಪ ಮಾಡುವವರು ಭಟ್ಟರು. ಫಲ ಮಾತ್ರ ಯಜಮಾನನಿಗೆ. ಹಾಗಾಗಿ ಅವನು ಭಟ್ಟರನ್ನು ಕರೆಸಿದ. ತನ್ನ ಹೆಸರು, ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿ ದಿನವೂ ಹನ್ನೆರಡು ಪ್ರದಕ್ಷಿಣೆ ಹಾಕಬೇಕೆಂದು ಒಪ್ಪಿಸಿದ. ನಗಬೇಡ, ವಾಮನ. ಅವನು ನಿಜವಾಗಿಯೂ ಹೀಗೆ ಮಾಡಿದ.

ಭಟ್ಟರು ಪ್ರಾಮಾಣಿಕರು. ಮಳೆಯಿರಲಿ ಬಿಸಿಲಿರಲಿ, ಒಂದು ದಿನವೂ ತಪ್ಪಿಸಲಿಲ್ಲ. ವೈದ್ಯ ತಿಂಗಳಿಗೊಮ್ಮೆ ಆಳು ಕಳಿಸಿ, "ಪ್ರದಕ್ಷಿಣೆ ನಡೆಯುತ್ತಿದೆಯೇ?" ಎಂದು ವಿಚಾರಿಸುತ್ತಿದ್ದ. "ಚೆನ್ನಾಗಿ ನಡೆಯುತ್ತಿದೆ" ಎಂಬ ಉತ್ತರ ಬರುತ್ತಿತ್ತು. ವೈದ್ಯನಿಗೆ ಸಂತೋಷವಾಗುತ್ತಿತ್ತು.

ಆರು ತಿಂಗಳು ಕಳೆದು ಮಗುವಿನ ಕೂದಲು ತೆಗೆಸುವ ದಿನ ಬಂತು. ವ್ಯಾಪಾರಿ ಮಗುವನ್ನು ಎತ್ತಿಕೊಂಡು ಇಪ್ಪತ್ತು ಮೆಟ್ಟಿಲು ಹತ್ತಿದ. ಕಣ್ಣು ಕತ್ತಲಿಟ್ಟಿತು. ಅಲ್ಲೇ ಕುಸಿದು ಕೂತ. ಭಟ್ಟರು ಆಗಲೇ ಬೆಟ್ಟದ ತುದಿಯಲ್ಲಿ ನಿಂತು, "ಶೆಟ್ಟರೇ, ಬೇಗ ಬನ್ನಿ, ಮುಹೂರ್ತ ಮೀರುತ್ತದೆ!" ಎಂದು ಕೂಗುತ್ತಿದ್ದರು. ಮುಹೂರ್ತ ಮೀರಿತು. ಮಗುವಿನ ಕೂದಲು ಹಾಗೇ ಉಳಿಯಿತು. ಸೊಸೆಯ ಮುಖ ನೋಡಲಾರದೆ ವ್ಯಾಪಾರಿ ಮೇಲುವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮರುದಿನ ಅವನು ವೈದ್ಯನ ಮನೆಗೆ ಹೋಗಿ ಜಗಳ ತೆಗೆದ. "ಪಂಡಿತರೇ, ನೀವು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿಲ್ಲ. ಬೇಕಾದರೆ ಭಟ್ಟರನ್ನೇ ಕೇಳಿ."

ವೈದ್ಯನಿಗೆ ವಿಷಯ ತಿಳಿಯಿತು. ತಲೆ ತಲೆ ಚಚ್ಚಿಕೊಂಡ. "ಅಲ್ಲ ಶೆಟ್ಟರೇ, ನಿಮಗೆ ಜ್ವರ ಬಂದರೆ ಕಷಾಯವನ್ನೂ ಭಟ್ಟರೇ ಕುಡಿಯುತ್ತಾರೇನು?"

"ಕುಡಿದರೆ ಗುಣವಾಗುತ್ತದೆಯೇ?" ಎಂದು ವ್ಯಾಪಾರಿ ಆಸೆಯಿಂದ ಕೇಳಿದ.

ವೈದ್ಯ ಅವನನ್ನು ಬೈದು ಕಳಿಸಿದ. ಇಡೀ ದಿನ ಮನಸ್ಸಿನಲ್ಲೇ ಬೈಯುತ್ತಿದ್ದ. ಬೈದು ಸುಸ್ತಾದ ಮೇಲೆ ಅವನಿಗೊಂದು ಮಾತು ಹೊಳೆಯಿತು. ಆರು ತಿಂಗಳಲ್ಲಿ ಒಂದು ಸಲ ತಾನೇ ದೇವಸ್ಥಾನದ ತನಕ ನಡೆದು ಹೋಗಿದ್ದರೆ ಸುತ್ತುತ್ತಿರುವವರು ಯಾರು ಎಂದು ಕಣ್ಣಿಗೆ ಕಾಣುತ್ತಿತ್ತು. ತಾನೂ ಆಳನ್ನೇ ಕಳಿಸಿದ್ದ. ವೈದ್ಯನಿಗೆ ನಾಚಿಕೆಯಾಯಿತು.

ಮರುದಿನ ಅವನು ನಡೆದುಕೊಂಡೇ ಬಟ್ಟೆ ಅಂಗಡಿಗೆ ಹೋದ. "ಆ ಮೇಲಿನ ಕಪಾಟಿನ ಪಂಚೆ ತೋರಿಸಿ" ಎಂದ. ವ್ಯಾಪಾರಿ ಆಳನ್ನು ಕೂಗಿದ. "ನೀವೇ ತಂದರೆ ನೋಡುತ್ತೇನೆ" ಎಂದು ವೈದ್ಯ ಹಟ ಹಿಡಿದ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಗಾದಿಗೆ ಇನ್ನೂ ದೊಡ್ಡ ಅವಮಾನ. ವ್ಯಾಪಾರಿ ನರಳುತ್ತಾ ಎದ್ದು ಪಂಚೆ ತಂದ. ವೈದ್ಯ ಅದನ್ನು ತಿರುಗಿಸಿ ನೋಡಿ, "ಬೇಡ, ಒಳಗಿಡಿ" ಎಂದು ಎದ್ದು ಹೋದ. ವ್ಯಾಪಾರಿಗೆ ಮೈಯೆಲ್ಲ ಉರಿಯಿತು.

ಮರುದಿನವೂ ವೈದ್ಯ ಬಂದ. ಅಂದೂ ಒಂದೇ ಪಂಚೆ. ಹದಿನೈದು ದಿನ ಒಂದೇ. ಆಮೇಲೆ ಎರಡು. ವ್ಯಾಪಾರಿ ಬೈದುಕೊಳ್ಳುತ್ತಲೇ ಏಳುತ್ತಿದ್ದ, ಕೂರುತ್ತಿದ್ದ. ಕೆಲವು ತಿಂಗಳಿಗೆ ಬೈಗುಳ ನಿಂತಿತು. ಬೇರೆ ಗಿರಾಕಿಗಳಿಗೂ ಅವನೇ ಎದ್ದು ಬಟ್ಟೆ ತರತೊಡಗಿದ. ಒಂದು ಸಂಜೆ ವೈದ್ಯ, "ನಾನು ನಿಮ್ಮ ಮನೆಯ ಕಡೆಗೇ ಹೋಗುತ್ತಿದ್ದೇನೆ, ಜೊತೆಗೆ ಬನ್ನಿ" ಎಂದ. ಗಾಡಿ ಖಾಲಿಯಾಗಿ ಹಿಂದೆ ಬಂತು. ಮರುದಿನದಿಂದ ಗಾಡಿ ಬರಲೇ ಇಲ್ಲ.

ಮೂರನೆಯ ವರ್ಷ ಮಗು ಮೊದಲಿಗಿಂತ ಎಷ್ಟೋ ಭಾರವಾಗಿತ್ತು. ವ್ಯಾಪಾರಿ ಐದು ಕಡೆ ನಿಂತ. ಬೆವರಿನಲ್ಲಿ ತೊಯ್ದುಹೋದ. ಪಕ್ಕದಲ್ಲೇ ಹತ್ತುತ್ತಿದ್ದ ವೈದ್ಯನೂ ಐದು ಕಡೆ ನಿಂತ. ಮುನ್ನೂರು ಮೆಟ್ಟಿಲು ಮುಗಿಯುವವರೆಗೆ ವ್ಯಾಪಾರಿ ಮಗುವನ್ನು ಕೆಳಗಿಳಿಸಲಿಲ್ಲ. ತಾತನ ತೊಡೆಯ ಮೇಲೆ ಮಗುವಿನ ಕೂದಲು ತೆಗೆದರು.

ಗುರುಗಳು ಕತೆ ಮುಗಿಸಿದರು. ವಾಮನನ ಮುಖ ಅರಳಿತು.

"ಎಷ್ಟು ಒಳ್ಳೆಯ ಕತೆ, ಗುರುಗಳೇ! ನಾಳೆ ಬೆಳಿಗ್ಗೆಯೇ ಊರವರನ್ನೆಲ್ಲ ಮಠದ ಜಗಲಿಗೆ ಕರೆಸಿ ಇದನ್ನು ಹೇಳುತ್ತೇನೆ."

ಗುರುಗಳು ಅವನನ್ನೇ ದಿಟ್ಟಿಸಿ ನೋಡಿದರು.

"ಇದನ್ನೂ ಕೂತೇ ಹೇಳುತ್ತೀಯಾ?"