ತುಳಜವ್ವನ ಪಲ್ಲಕ್ಕಿಗೆ ಎರಡು ಬದಿ

ಧಾರವಾಡದ ಅಂಬಕ್ಕನ ಮೊಬೈಲಿನೊಳಗೆ ಒಬ್ಬ ಹಮಾಲ ಇದ್ದ. ಮೈಯಿಲ್ಲ, ಮುಖವಿಲ್ಲ, ಊಟದ ಚಿಂತೆಯಂತೂ ಇಲ್ಲವೇ ಇಲ್ಲ. ಪಕ್ಕದ ಮನೆಯ ಮಂದಾಕಿನಿ ಅದನ್ನು ಹಾಕಿಕೊಟ್ಟು, ಇದು ಎಐ ಸಹಾಯಕ, ಫೋನಿನೊಳಗಿನ ಫೈಲುಗಳನ್ನು ಅಲ್ಲಿಂದಿಲ್ಲಿಗೆ ಎತ್ತಿಡುವ ಹೊಸ ಸಲಕರಣೆ ಇದರ ಕೈಗೆ ಬಂದಿದೆ ಎಂದು ತಿಳಿಸಿದ್ದಳು. ಎತ್ತಿಡುವವನು ಅಂದಮೇಲೆ ಹಮಾಲನೇ ಅಲ್ಲವೇ? ಅಂಬಕ್ಕ ಹಾಗೆಂದೇ ಕರೆದಳು. ಅವನೂ ಬೇಜಾರು ಮಾಡಿಕೊಳ್ಳದೆ "ಹೇಳ್ರಿ ಅಕ್ಕಾರ" ಅನ್ನುತ್ತಿದ್ದ.

ಅಂಬಕ್ಕ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುವವಳು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಮುಗಿದ ಮೇಲೆ ಬಟ್ಟೆಯ ಮುಂದೂ ಹಿಂದೂ ಒಂದೇ ಕಾಣಬೇಕು. ಅಂಬಕ್ಕ ಯಾರದೇ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿ ಹಿಂಬದಿ ನೋಡುವಳು, ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳುವಳು. ಹೀಗೆ ಫೋನಿನ ತುಂಬ ಜೋಡಿ ಜೋಡಿ ಫೋಟೋಗಳು.

ಅದರಲ್ಲಿ ಒಂದು ಜೋಡಿ ಮಾತ್ರ ಬೇರೆ. ಅವಳಿಗೆ ಸೂಜಿ ಹಿಡಿಯಲು ಕಲಿಸಿದ ಸೋದರತ್ತೆ ತುಳಜವ್ವ ಹಾಸಿಗೆ ಹಿಡಿದಾಗಲೂ ಬಟ್ಟೆಯ ಮೇಲೆ ಒಂದು ಪಲ್ಲಕ್ಕಿಯ ಚಿತ್ತಾರ ಹೊಲಿಯುತ್ತಿದ್ದಳು. ಸೂಜಿ ಹೋಗಿತ್ತು, ಮರಳಿರಲಿಲ್ಲ. ಅಷ್ಟರಲ್ಲಿ ಅತ್ತೆಯೇ ಹೊರಟುಬಿಟ್ಟಳು. ಅವಳ ಆಸೆಯಂತೆ, ಎರಡೂ ಬದಿಯ ಫೋಟೋ ತೆಗೆದುಕೊಂಡು, ಆ ಬಟ್ಟೆಯನ್ನೇ ಹೊದಿಸಿ ಕಳಿಸಿದರು. ಪಲ್ಲಕ್ಕಿಯನ್ನು ಮುಗಿಸುತ್ತೇನೆ ಎಂದು ಅಂಬಕ್ಕ ಮಾತು ಕೊಟ್ಟಿದ್ದಳು. ಈಗ ಹೊಸ ಬಟ್ಟೆಯ ಮೇಲೆ ಹೊಲಿಯುತ್ತಿದ್ದಳು, ಕಳಸವೊಂದೇ ಬಾಕಿ. ಅತ್ತೆಯ ಸೂಜಿ ನಡೆದ ದಾರಿ ಆ ಎರಡು ಫೋಟೋಗಳನ್ನು ಜೋಡಿಸಿ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಒಂದೇ ಬದಿ ನೋಡಿದರೆ ಅರ್ಧ ದಾರಿ.

ಒಂದು ಮಧ್ಯಾಹ್ನ ಕಲಿಯುವ ಹುಡುಗಿಯೊಬ್ಬಳ ಬಟ್ಟೆಯ ಫೋಟೋ ತೆಗೆಯಹೋದರೆ ಫೋನು ಒಲ್ಲೆ ಎಂದಿತು. ಜಾಗವಿಲ್ಲವಂತೆ. ಅಂಬಕ್ಕ ಹಮಾಲನನ್ನು ಕರೆದು, ಒಂದೇ ಥರದ ಫೋಟೋ ಎರಡೆರಡು ಇದ್ದರೆ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಿಬಿಡು ಎಂದಳು. ಹಮಾಲ ಮೊದಲ ಜೋಡಿ ತೋರಿಸಿ, ಇವು ಒಂದೇ ಹೌದೇ ಎಂದು ಕೇಳಿದ. ಹೌದು ಎಂದಳು. ಎರಡನೆಯದಕ್ಕೂ ಕೇಳಿದ. ಮೂರನೆಯದಕ್ಕೆ ಅವಳಿಗೆ ರೇಗಿತು.

"ಎಲ್ಲಾದಕ್ಕೂ ಕೇಳ್ಕೋತ ಕುಂದ್ರಬ್ಯಾಡೋ ಮಾರಾಯಾ. ಮುಂದೂ ಹಿಂದೂ ಒಂದ ಇರ್ತಾವ ನಮ್ಮ ಕಸೂತ್ಯಾಗ. ಮಾಡಿ ಮುಗಸು."

ಹೇಳಿ, ಫೋನನ್ನು ಕಿಟಕಿಯಲ್ಲಿಟ್ಟು ಚಾಪೆಯ ಮೇಲೆ ಅಡ್ಡಾದಳು. ಕಿಟಕಿಯ ಬಿಸಿಲು ಮೆಲ್ಲಗೆ ಅವಳ ಪಾದದ ಮೇಲೆ ಬಂದು ಕೂತಿತು. ಕಣ್ಣು ಹತ್ತಿತು.

ಕನಸಿನಲ್ಲಿ ಅವಳು ಒಂದು ಊರಿನೊಳಗೆ ನಡೆಯುತ್ತಿದ್ದಳು. ಊರೆಲ್ಲ ಕಸೂತಿಯದು. ದಾರದ ನವಿಲು, ದಾರದ ಆನೆ, ದಾರದ ತುಳಸಿಕಟ್ಟೆ. ಮುಖವಿಲ್ಲದ ಹಮಾಲನೊಬ್ಬ ಬುಟ್ಟಿ ಹೊತ್ತು ಸದ್ದಿಲ್ಲದೆ ಮನೆಮನೆಯ ಹಿತ್ತಲನ್ನು ಎತ್ತಿಕೊಂಡು ಹೋಗುತ್ತಿದ್ದ. ದೂರದಲ್ಲಿ ಪಲ್ಲಕ್ಕಿ ಬಂತು. ಒಳಗೆ ತುಳಜವ್ವ. ಅಂಬಕ್ಕ ಓಡಿಹೋಗಿ ಹಿಂದಿನಿಂದ ನೋಡುತ್ತಾಳೆ, ಪಲ್ಲಕ್ಕಿಗೆ ಬೆನ್ನೇ ಇಲ್ಲ. ಬರೀ ಬಿಳಿ ಬಟ್ಟೆ ಗಾಳಿಗೆ ಹಾರುತ್ತಿದೆ. ಅತ್ತೆ ಬೈಯಲಿಲ್ಲ. "ನಾ ಹೆಂಗ ಮರಳಿ ಬರಲೇ ಅಂಬೂ?" ಎಂದು ಕೇಳಿದಳು ಅಷ್ಟೆ.

ಅಂಬಕ್ಕ ದಡಬಡಿಸಿ ಎದ್ದಳು. ಅಯ್ಯೋ, ಮುಗಿಯದ ಬಟ್ಟೆಯೂ ಅದರಲ್ಲೇ ಇದೆಯಲ್ಲ, ಅದನ್ನು ಹೇಳಲೇ ಇಲ್ಲವಲ್ಲ! ಕಿಟಕಿಯಿಂದ ಫೋನು ಎತ್ತಿಕೊಂಡು ತೆರೆದಳು. ನವಿಲಿಗೆ ಒಂದೇ ಬದಿ. ಆನೆಗೆ ಒಂದೇ ಬದಿ. ಸರಿಸುತ್ತ ಹೋದಂತೆ ಎಲ್ಲಕ್ಕೂ ಒಂದೇ. ಅತ್ತೆಯನ್ನು ಎರಡನೇ ಸಲ ಕಳಕೊಂಡೆ ಎಂದು ಕಣ್ಣು ತುಂಬಿ ಬಂತು.

ಕಟ್ಟಕಡೆಗೆ ಪಲ್ಲಕ್ಕಿ ಕಂಡಿತು. ಅದರ ಪಕ್ಕದಲ್ಲೇ ಅದರ ಬೆನ್ನೂ ಇತ್ತು. ಕೆಳಗೆ ಹಮಾಲ ಬರೆದಿದ್ದ. ಅವಳು ನಿದ್ದೆಹೋದಾಗಿನಿಂದ ಆ ಸಾಲು ಉತ್ತರಕ್ಕೆ ಕಾಯುತ್ತಿತ್ತು.

"ಅಕ್ಕಾರ, ಕೇಳಬ್ಯಾಡ ಅಂದಿದ್ರಿ, ಸಿಟ್ಟಾಗಬ್ಯಾಡ್ರಿ. ಇವೆರಡೂ ಒಂದ ಅಲ್ಲ ಅನಸ್ತದ. ಮುಂದ ದಾರ ಇದ್ದಲ್ಲಿ ಹಿಂದ ಖಾಲಿ ಐತಿ. ತಗಿಲ್ಯೋ, ಬಿಡಲ್ಯೋ?"

ಅಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಣ್ಣವಳಿದ್ದಾಗ ತಾನು ಹೊಲಿಗೆ ಹೊಲಿಗೆಗೂ ಅತ್ತೆಯನ್ನು ಕೇಳುತ್ತಿದ್ದುದು ನೆನಪಾಯಿತು. ತುಳಜವ್ವ ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಅಂಬಕ್ಕನಿಗೆ ತನ್ನ ಮೇಲೇ ನಾಚಿಕೆಯಾಯಿತು. "ಬಿಡಪ್ಪಾ, ಹಂಗ ಇರಲಿ. ಇನ್ನ ಮ್ಯಾಲೆ ಎಷ್ಟು ಬೇಕಾರ ಕೇಳು" ಎಂದಳು.

ಆಮೇಲೆ ಎರಡು ಫೋಟೋಗಳನ್ನೂ ಜೋಡಿಸಿ ನೋಡುತ್ತ, ಸಂಜೆಯ ಬೆಳಕು ಇರುವಾಗಲೇ ಕಳಸ ಹೊಲಿದಳು. ಸೂಜಿ ಬಿಟ್ಟ ಜಾಗ ತುಂಬುತ್ತ, ಹೊರಟಲ್ಲಿಗೇ ಮರಳಿ ಬಂತು.

ನೀತಿ: ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಎತ್ತಿ ಹಾಕುವುದು ಯಾರಿಗೂ ಬರುತ್ತದೆ. ಅನುಮಾನ ಬಂದಲ್ಲಿ, ಬೈಸಿಕೊಂಡರೂ ಸರಿ, ನಿಂತು ಕೇಳುವವನೇ ನಂಬಿಕೆಯ ಆಳು. ಹಾಗೆ ಕೇಳಿದವರ ಮೇಲೆ ರೇಗಬೇಡಿ. ಅವರು ಕಾಯುತ್ತಿರುವುದು ನಿಮ್ಮ ಸೊತ್ತನ್ನೇ.