ಅರೆ ಎಣಿಕೆ

“ಹಾಡು ಎಲ್ಲಿಂದ ಬರುತ್ತದೆ, ಗುರುಗಳೇ?”

ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಕೇಶವಯ್ಯ ಮಾತ್ರ ಕುಳಿತಿದ್ದ. ಹನ್ನೆರಡು ವರ್ಷ ಅದೇ ಪಡಸಾಲೆಯಲ್ಲಿ ಕಲಿತವನು ಅವನು. ತಾಳದಲ್ಲಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಈಚೆಗೆ ಸ್ವಂತ ಹಾಡು ಕಟ್ಟಬೇಕೆಂಬ ಆಸೆ ಹುಟ್ಟಿ, ಜೊತೆಯವರ ತಪ್ಪು ತಾಳ ಕಿವಿಗೆ ಬೀಳದಿರಲೆಂದು, ಹೊಳೆಯಾಚೆಯ ಮಂಟಪದಲ್ಲಿ ಒಂದು ಮಂಡಲ ಒಬ್ಬನೇ ಕುಳಿತು ಬಂದಿದ್ದ. ಏಳು ಹಾಡು ಕಟ್ಟಿ ತಂದಿದ್ದ. ಆ ದಿನ ಅವನ್ನು ಹಾಡಿ ತೋರಿಸಿದಾಗ ಗುರುಗಳು ಕೊನೆಯವರೆಗೂ ಕೇಳಿ, ಎಲ್ಲಿಯೂ ತಪ್ಪಿಲ್ಲ ಎಂದಷ್ಟೇ ಹೇಳಿದ್ದರು. ಅದರ ಅರ್ಥ ಅವನಿಗೆ ತಿಳಿಯಿತು. ಹಾಡು ಹುಟ್ಟಿನಿಂದಲೇ ಬರುವ ವರ ಎಂದು ಗುರುಗಳು ಹೇಳಿಬಿಟ್ಟರೆ ತಂಬೂರಿಯನ್ನು ಅಲ್ಲೇ ಒಪ್ಪಿಸಿ ಊರಿಗೆ ಹೊರಡುವುದೆಂದು ನಿಶ್ಚಯಿಸಿಕೊಂಡಿದ್ದ.

ಗುರುಗಳಿಗೆ ಎಪ್ಪತ್ತು ದಾಟಿತ್ತು. ಯಾವುದೋ ದೂರದ ಸೀಮೆಯಿಂದ ಬಂದು ಆ ಊರಿನಲ್ಲಿ ನೆಲೆಸಿದವರು. ಹಿಂದಿನದನ್ನು ಅವರು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಪಾಠ ಹೇಳುವುದರಲ್ಲಿ ಅವರಿಗೆ ಸಮನಾದವರಿರಲಿಲ್ಲ. ಆದರೆ ತಾವಾಗಿ ಒಂದು ಹಾಡನ್ನೂ ಕಟ್ಟಿದವರಲ್ಲ. ಅವರು ತಂಬೂರಿಗೆ ಗವಸು ಹಾಕಿ, ಗೋಡೆಗೆ ಒರಗಿಸಿ, ಒಂದು ಕತೆ ಹೇಳಿದರು.

ಒಬ್ಬ ವಾಗ್ಗೇಯಕಾರನಿದ್ದ. ಹಾಡು ಬರೆದು ತಾನೇ ರಾಗ ಕೂಡಿಸುತ್ತಿದ್ದ. ಅವನಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅದರಿಂದ ಮಾತೂ ಬಂದಿರಲಿಲ್ಲ. ಮಗನಿಗೆ ಮಾತು ಬರುವಾಗಲೇ ತಾಳವೂ ಬಂದಿತ್ತು.

ದಿನವೂ ಬೆಳಿಗ್ಗೆ ಶಿಷ್ಯರು ಸಾಲಾಗಿ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ ಹಾಡುವರು. ಮಗಳೂ ಬಂದು ಕಂಬದ ಪಕ್ಕ ಕೂರುವಳು. ಅಪ್ಪನ ಕೈಯನ್ನೇ ನೋಡುತ್ತ ತಾನೂ ತಾಳ ಹಾಕುವಳು. ಅವನ ಕೈ ಬಿದ್ದದ್ದನ್ನು ಕಂಡ ಮೇಲೆ ತಾನೆ ಅವಳ ಕೈ ಬೀಳಬೇಕು? ಪ್ರತಿ ಪೆಟ್ಟಿಗೂ ಅವಳು ಅರೆ ಎಣಿಕೆ ಹಿಂದೆ ಇರುತ್ತಿದ್ದಳು.

ಒಂದು ದಿನ, ಎಂದಿನಂಥದೇ ದಿನ, ಪಾಠ ನಡೆದಿತ್ತು. ಮಗ ಅಕ್ಕನತ್ತ ತಿರುಗಿ, “ಇವಳ ತಾಳಕ್ಕೆ ಕಾಯಬೇಡಿ, ಅದು ನಾಳೆ ಬಂದು ಸೇರುತ್ತೆ” ಎಂದ. ಎಲ್ಲರೂ ನಕ್ಕರು. ಅವಳಿಗೆ ಮಾತು ಕೇಳಿಸಲಿಲ್ಲ, ನಗು ಕಾಣಿಸಿತು. ಎಲ್ಲರ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ಆಮೇಲೆ ಕೈಯನ್ನು ಲಂಗದ ನೆರಿಗೆಯೊಳಗೆ ಇಟ್ಟುಕೊಂಡಳು. ಮರುದಿನ ಕಂಬದ ಪಕ್ಕ ಯಾರೂ ಇರಲಿಲ್ಲ.

ತಂದೆ ಮಗನನ್ನು ಗದರಲಿಲ್ಲ. ಮೂರು ದಿನ ಪಾಠ ನಿಲ್ಲಿಸಿದ. ನಾಲ್ಕನೆಯ ದಿನ ಒಳಗೆ ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಮಗಳನ್ನು ಕೈಹಿಡಿದು ಕರೆತಂದು ಎದುರಿಗೆ ಕೂರಿಸಿಕೊಂಡ. ತಾಳ ಹಾಕಿದ. ಅವಳು ಕೈಯನ್ನು ಮತ್ತೆ ನೆರಿಗೆಯೊಳಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅವನು ಹಾಡಲಿಲ್ಲ, ತಾಳ ಹಾಕುತ್ತಲೇ ಇದ್ದ. ಕೊನೆಗೆ ಅವಳ ಕೈ ನೆರಿಗೆಯಿಂದ ಹೊರಗೆ ಬಂತು. ಅವನ ಕೈ ಬಿತ್ತು. ಅವನು ಬಾಯಿ ತೆರೆಯಲಿಲ್ಲ. ಅವಳ ಕೈ ಬಿತ್ತು. ಆಗ ತೆರೆದ.

ಅವಳು ಅಪ್ಪನ ತುಟಿ ನೋಡಿದಳು, ತನ್ನ ಕೈ ನೋಡಿಕೊಂಡಳು. ಎರಡೂ ಕೂಡಿದ್ದವು.

ತಾಳದ ಮೊದಲ ಪೆಟ್ಟು ಬಿದ್ದು, ಅರೆ ಎಣಿಕೆ ಕಳೆದು, ಆಮೇಲೆ ಹಾಡಿನ ಮೊದಲ ಅಕ್ಷರ. ಅಂದಿನಿಂದ ಅವನು ಕಟ್ಟಿದ ಅರವತ್ತೆರಡು ಹಾಡುಗಳೂ ಹೀಗೆಯೇ ಏಳುತ್ತವೆ. ಅದಕ್ಕೆ ಮೊದಲು ಕಟ್ಟಿದವು ತಪ್ಪಿಲ್ಲದ ಹಾಡುಗಳು. ಅವನ್ನು ಈಗ ಯಾರೂ ಹಾಡುವುದಿಲ್ಲ.

ಒಮ್ಮೆ ಅರಮನೆಯಿಂದ ಕರೆ ಬಂತು. ಪಂಡಿತರು ಒಪ್ಪಿದರೆ ಅವನಿಗೆ ಆಸ್ಥಾನದಲ್ಲಿ ಸ್ಥಾನ. ಅವರು ಕೇಳಿ ತಲೆದೂಗಿದರು. ಆದರೆ ಎಲ್ಲ ಹಾಡುಗಳೂ ಅರೆ ಎಣಿಕೆ ಬಿಟ್ಟೇ ಏಕೆ ಏಳಬೇಕು, ಕೆಲವನ್ನಾದರೂ ಪೆಟ್ಟಿನ ಮೇಲೆಯೇ ಎತ್ತಿದರೆ ನಷ್ಟವೇನು ಎಂದು ಹಿರಿಯ ಪಂಡಿತರೊಬ್ಬರು ಆಕ್ಷೇಪಿಸಿದರು.

“ಒಂದು ಕೈ ತಪ್ಪುತ್ತದೆ, ಸ್ವಾಮಿ.”

“ತಪ್ಪುವ ಕೈಯನ್ನು ತಿದ್ದಬೇಕಲ್ಲವೇ?”

“ಹಾಡನ್ನು ತಿದ್ದುವುದು ನನಗೆ ಸುಲಭವಾಯಿತು.”

ಅವರಿಗೆ ಅದು ಉದ್ಧಟತನವಾಗಿ ಕಂಡಿತು. ಹೊದಿಸಲು ತಂದಿದ್ದ ಶಾಲು ಮಡಿಕೆ ಬಿಚ್ಚದೆ ಒಳಗೆ ಹೋಯಿತು. ಅವನು ನಡೆದುಕೊಂಡೇ ಊರಿಗೆ ಬಂದ. ಯಾರ ಕೈ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಗಳು ಜ್ವರದಿಂದ ತೀರಿಕೊಂಡಳು. ತಂದೆ ಒಂದು ವರ್ಷ ಹಾಡಲಿಲ್ಲ. ಮತ್ತೆ ಪಾಠಕ್ಕೆ ಕುಳಿತ ದಿನ ಮಗ ಹಾಡು ಎತ್ತಿಕೊಂಡ. ಕಾಯಬೇಕಾದವಳೇ ಇಲ್ಲವಲ್ಲ, ಕಾದರೆ ಅಪ್ಪನಿಗೆ ನೆನಪಾದೀತು ಎಂದು ಪೆಟ್ಟಿನ ಮೇಲೆಯೇ ಎತ್ತಿದ. ತಂದೆಯ ಕೈ ಎತ್ತಿದಲ್ಲೇ ನಿಂತಿತು. ಅವನು ಕಂಬದ ಪಕ್ಕದ ಜಾಗವನ್ನು ನೋಡುತ್ತ, ತಾಳವನ್ನು ಮೊದಲಿನಿಂದ ಹಾಕಿದ. ಈ ಸಲ ಮಗ ಅರೆ ಎಣಿಕೆ ಕಾದ. ಆಮೇಲೆ ಹಾಡಿದ.

ತಂದೆ ಮತ್ತೆ ಹೊಸ ಹಾಡು ಕಟ್ಟಲಿಲ್ಲ. ಆ ಅರೆ ಎಣಿಕೆಗೆ ಆ ಕಡೆಯ ಪಂಡಿತರು ಈಗ ಅನೇಕ ಅರ್ಥ ಹೇಳುತ್ತಾರೆ. ಜೀವಾತ್ಮ ಪರಮಾತ್ಮನಿಗಾಗಿ ಕಾಯುವ ಹೊತ್ತು ಅದು ಎಂದು ಒಬ್ಬರು ಬರೆದಿದ್ದಾರೆ.

ಗುರುಗಳು ಕತೆ ನಿಲ್ಲಿಸಿದರು. ಕೇಶವಯ್ಯ ತನ್ನ ಏಳು ಹಾಡುಗಳನ್ನು ಒಂದೊಂದಾಗಿ ನೆನೆದ. ಯಾವುದರಲ್ಲೂ ಯಾರಿಗೂ ಜಾಗವಿರಲಿಲ್ಲ. ಆಮೇಲೆ ಕೇಳಿದ:

“ತಾಳ ತಪ್ಪದ ಆ ಮಗ ಏನಾದ, ಗುರುಗಳೇ? ಅವನೂ ಹಾಡು ಕಟ್ಟಿದನೇ?”

“ಇಲ್ಲ,” ಎಂದರು ಗುರುಗಳು. “ಅವಳು ನನಗಿಂತ ಎರಡು ವರ್ಷ ದೊಡ್ಡವಳು.”